ದೂರು ಪೆಟ್ಟಿಗೆಯ ಪಾಲಿಶ್

ಸಿಟ್ಟು ಬರಲು ಓದಿರಬೇಕಾಗಿಲ್ಲ. ಆರನೇ ಇಯತ್ತೆಗೆ ಶಾಲೆ ಬಿಟ್ಟು ಉಳಿ ಹಿಡಿದವನು ನಾನು. ನನಗೆ ಬರುವಷ್ಟು ಸಿಟ್ಟು ಡಿಗ್ರಿಯವರಿಗೂ ಬರಲಿಕ್ಕಿಲ್ಲ. ದಾಸನಕೊಪ್ಪದ ಆಚೆಗಿನ ನಮ್ಮೂರಲ್ಲಿ ನಾನು ಮಾಡಿದ ಬಾಗಿಲು ಮಳೆಗಾಲದಲ್ಲೂ ಬಿಗಿಯುವುದಿಲ್ಲ. ಅದನ್ನು ನೋಡಿಯೇ ಇರಬೇಕು, ಪಂಚಾಯ್ತಿಯವರು ನನ್ನನ್ನು ಮಕ್ಕಳ ರಕ್ಷಣಾ ಸಮಿತಿಗೆ ಹಾಕಿ, ಮಕ್ಕಳು ತಮ್ಮ ಕಷ್ಟ ಬರೆದು ಹಾಕಲು ಒಂದು ದೂರು ಪೆಟ್ಟಿಗೆಯನ್ನೂ ಮಾಡಿಸಿಕೊಂಡರು. ಸಾಗವಾನಿ ಪೆಟ್ಟಿಗೆ, ಮುಖ ಕಾಣುವಂಥ ಪಾಲಿಶ್. ಹೆಂಡತಿ ನೋಡಿ, "ನಮ್ಮ ಮನಿ ದೇವರ ಮಂಟಪಕ್ಕ ಇನ್ನೂ ಒಂದ್ ಕೈ ಪಾಲಿಶ್ ಬಿದ್ದಿಲ್ಲ" ಅಂದಳು. ಸಮಾಜಸೇವೆ ಅವಳಿಗೆ ಅರ್ಥವಾಗುವುದಿಲ್ಲ.

ಮೊನ್ನೆ ಸಮಿತಿಯ ಸಭೆ. ಮೊದಲು ಅವಲಕ್ಕಿ, ಚಹಾ, ಆಮೇಲೆ ಫೋಟೋ. ಮಕ್ಕಳ ವಿಷಯ ಬರುವಷ್ಟರಲ್ಲಿ ಅರ್ಧ ಜನ ಬಸ್ಸಿನ ಹೊತ್ತು ನೋಡುತ್ತಿದ್ದರು. ಪಿಡಿಒ ಸಾಹೇಬರು ಪಂಚಾಯ್ತಿ ಕಚೇರಿಯ ಬಾಗಿಲ ಮೇಲಿದ್ದ ಪೆಟ್ಟಿಗೆ ಇಳಿಸಿ ಬೀಗ ತೆಗೆದರು. ಒಳಗೆ ಒಂದು ಜೇಡ. "ನಮ್ಮ ಪಂಚಾಯ್ತಿಯೊಳಗ ಮಕ್ಕಳು ಆರಾಮ ಅದಾರ್ರಿ. ಒಂದೂ ದೂರಿಲ್ಲ. ಸಹಿ ಮಾಡ್ರಿ" ಅಂದರು.

ನನ್ನ ಮೈ ಉರಿಯಿತು. ನಮ್ಮ ಪಕ್ಕದ ಮನೆಯ ಗಂಗವ್ವ ಎಂಟನೇ ತರಗತಿಯ ಹುಡುಗಿ. ಶಾಲೆ ಬಿಡಿಸಿ ಅವಳಿಗೆ ಗಂಡು ನೋಡುತ್ತಿದ್ದಾರೆ. ಹಿಂದಿನ ದಿನವಷ್ಟೇ ಕೇಳಿದ್ದೆ, "ಪೆಟ್ಟಿಗಿಯೊಳಗ ಒಂದು ಚೀಟಿ ಹಾಕಬಾರದೇನವ್ವಾ?"

"ಹೋಗಿದ್ದೆ ಕಾಕಾ. ಜಿಗಿದ್ರೂ ಕೈ ಮುಟ್ಟಲಿಲ್ಲ."

ಸಭೆಯಲ್ಲಿ ಅದನ್ನೇ ಹೇಳಿ, ಪೆನ್ನು ಆಚೆ ದಬ್ಬಿದೆ. "ಆ ಹುಡುಗಿ ಮದುವಿ ನಿಂತ ಮ್ಯಾಲ ಸಹಿ ಕೇಳ್ರಿ. ಮಕ್ಕಳ ಪೆಟ್ಟಿಗಿನ ಬಾಗಿಲ ಮ್ಯಾಲ ತೂಗಹಾಕಿದ ಜಾಣ ಯಾರು? ದೇವರ ಫೋಟೋ ಏನ್ರಿ ಅದು?"

ಅಂಗನವಾಡಿ ಟೀಚರು ಬಾಯಿಗೆ ಸೆರಗು ಹಿಡಿದು, "ಬಡಿಗೇರಣ್ಣಾ, ಏಣಿ ಹತ್ತಿ ಮೊಳೆ ಹೊಡೆದವರು ನೀವ ಅಲ್ಲೇನ್ರಿ? ಹುಡುಗರ ಕೈ ಬಿದ್ರ ಪಾಲಿಶ್ ಹಾಳಾಗ್ತೈತಿ ಅಂದ್ರಿ" ಅಂದರು.

ಉಳಿದ ಸಿಟ್ಟನ್ನು ಎಲ್ಲಿಯಾದರೂ ಖರ್ಚು ಮಾಡಬೇಕಲ್ಲ, ಎಲ್ಲರನ್ನೂ ಎಬ್ಬಿಸಿ ಗಂಗವ್ವನ ಮನೆಗೆ ಕರೆದೊಯ್ದೆ. ಸಾಹೇಬರು ಅವಳಪ್ಪನಿಗೆ ಕಾಯಿದೆ ಹೇಳಿದರು. ಟೀಚರು ಅವಳವ್ವನ ಪಕ್ಕ ಕುಳಿತು ಮೆಲ್ಲಗೆ ಮಾತಾಡಿದರು. ನಾನು ಹೊಸ್ತಿಲಲ್ಲಿ ಕುಳಿತವನು ಅವರು ಹೂಂ ಅನ್ನುವ ತನಕ ಏಳಲಿಲ್ಲ. ಸೋಮವಾರ ಹುಡುಗಿ ಚೀಲ ಹಾಕಿಕೊಂಡು ಶಾಲೆಗೆ ಹೋದಳು.

ಪೆಟ್ಟಿಗೆ ಈಗ ಶಾಲೆಯ ನಲ್ಲಿಯ ಪಕ್ಕ, ನನ್ನ ಮೊಣಕಾಲಿಗಿಂತ ತುಸು ಮೇಲಿದೆ. ಒದ್ದೆ ಕೈ, ಬೆಲ್ಲದ ಕೈ, ಕಂಪಾಸಿನ ಮೊನೆ ತಾಗಿ ಪಾಲಿಶ್ ಪೂರಾ ಹೋಯಿತು. ಹೊಟ್ಟೆಯುರಿ ತಡೆಯದೆ, ಗೀಚಿದವರ ಮೇಲೆ ನಾನೇ ಒಂದು ದೂರು ಬರೆದು ಹಾಕಲು ಹೋದೆ. ಬಗ್ಗುವಾಗ ಸೊಂಟ ಹಿಡಿಯಿತು. ಇಷ್ಟು ತಗ್ಗಿನಲ್ಲಿ ಮೊಳೆ ಹೊಡೆದ ಜಾಣ ಯಾರು ಎಂದು ಕೇಳುವ ಹಾಗೂ ಇಲ್ಲ.