ಹೆಪ್ಪುಗಟ್ಟದ ಕಲ್ಲುಬಾನಿ

"ಈ ವರ್ಷ ಊರೆಲ್ಲ ಹೆಪ್ಪುಗಟ್ಟಲಿ, ನಮ್ಮ ಅಂಗಳದ ನೀರು ಮಾತ್ರ ಹರೀತಾನೇ ಇರತ್ತೆ. ಬರೆದಿಟ್ಕೋ!"

ಹೀಗೆಂದು ಇಸಾಬುರೋ ಮಿಯಾಸಾಕಾ ಧರ್ಮಪತ್ನಿಯ ಸಮಕ್ಷಮದಲ್ಲಿ, ಸಾರಿನ ಬಟ್ಟಲನ್ನು ಎತ್ತಿಹಿಡಿದು ಪ್ರತಿಜ್ಞೆಗೈದನು. ಪ್ರತಿಜ್ಞೆಯ ಭರಕ್ಕೆ ಬಟ್ಟಲು ತುಳುಕಿ ಸಾರು ಚಾಪೆಯ ಪಾಲಾಯಿತು. ಆ ಶಕುನವನ್ನು ಅವನು ಅಂದೇ ಅರಿತಿದ್ದರೆ ಈ ವೃತ್ತಾಂತವನ್ನು ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ.

ನಾಗಾನೋ ಸೀಮೆಯ ಆ ಬೆಟ್ಟದೂರಿನಲ್ಲಿ ನವೆಂಬರ್ ಕಳೆಯಿತೆಂದರೆ ಜನ ಅಂಗಳದ ನೀರನ್ನೆಲ್ಲ ಬಸಿದುಬಿಡುತ್ತಾರೆ. ರಾತ್ರಿ ಮಲಗುವ ಮುನ್ನ ಮನೆಯ ಕೊಳಾಯಿಗಳನ್ನೂ ಬಸಿದು ಬರಿದು ಮಾಡುತ್ತಾರೆ. ಈ ವಿದ್ಯೆಯನ್ನು ಊರಿಗೆ ಮೂವತ್ತೈದು ವರ್ಷ ಬೋಧಿಸಿದ ಮಹಾನುಭಾವನು ಬೇರಾರೂ ಅಲ್ಲ, ಪುರಸಭೆಯ ನೀರು ಸರಬರಾಜು ಶಾಖೆಯ ಇದೇ ಇಸಾಬುರೋ! ನಿವೃತ್ತನಾಗಿ ಆರು ವರ್ಷ ಸಂದರೂ ಅವನು ಹಿಂದೆ ಓದಿ ಧ್ವನಿಮುದ್ರಿಸಿಟ್ಟ ಎಚ್ಚರಿಕೆಯನ್ನು ಊರ ಧ್ವನಿವರ್ಧಕಗಳು ಕೊರೆಯುವ ಚಳಿಯ ಪ್ರತಿ ಸಂಜೆ ಐದು ಗಂಟೆಗೆ ಸಾರುತ್ತಿದ್ದವು. "ಊರ ಬಾಂಧವರಲ್ಲಿ ವಿನಂತಿ. ಇಂದು ರಾತ್ರಿ ಹೆಪ್ಪುಗಟ್ಟುವ ಚಳಿ. ನೀರನ್ನು ಬಸಿದುಬಿಡಿ. ಉದಾಸೀನ ಬೇಡ." ಎದುರಿನ ಬೆಟ್ಟವು "ಬೇಡ... ಬೇಡ..." ಎಂದು ಅನುಮೋದಿಸುತ್ತಿತ್ತು. ಆ ಹೊತ್ತಿಗೆ ಇಸಾಬುರೋ ಎಲ್ಲ ಕೆಲಸ ಬಿಟ್ಟು, ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ ತನ್ನ ಕಂಠವನ್ನು ತಾನೇ ಆಲಿಸುವನು.

"'ಉದಾಸೀನ' ಅನ್ನೋದನ್ನ ಎಷ್ಟು ಸ್ಪಷ್ಟವಾಗಿ ಹೇಳಿದೀನಿ ನೋಡೇ!"

"ಮೂವತ್ತು ಸಲ ನೋಡಿದೀನಿ," ಎನ್ನುವಳು ಹೆಂಡತಿ ಫುಸಾಯೆ.

ಅಂಗಳದ ಆ ಕಲ್ಲುಬಾನಿ ಫುಸಾಯೆಯ ತಂದೆಯ ಕೈಯ ಕೊನೆಯ ಕೆಲಸ. ಊರಿಗೇ ಹೆಸರಾದ ಕಲ್ಲುಕುಟಿಗನಾದ ಆತನು ಮಗಳ ಮನೆಗೆಂದೇ ಎರಡು ತಿಂಗಳು ಉಳಿ ಹಿಡಿದು ಅದನ್ನು ಕಡೆದು, ಮರುವರ್ಷವೇ ತೀರಿಕೊಂಡಿದ್ದನು. ಬಿದಿರ ಕೊಳವೆಯಿಂದ ಸಣ್ಣ ಧಾರೆ ಅದರೊಳಗೆ ಬೀಳುವುದು. ಚಹಾ ಕೂಟಕ್ಕೆ ಬಂದವರು ಅಲ್ಲಿ ಕೈತೊಳೆದೇ ಒಳಗೆ ಅಡಿಯಿಡಬೇಕು. ಹೊಸವರ್ಷದ ಮೊದಲ ಚಹಾ ಕೂಟವು ಈ ಬಾರಿ ಮೊಟ್ಟಮೊದಲಿಗೆ ಫುಸಾಯೆಯ ಮನೆಗೆ ಒಲಿದಿತ್ತು.

"ನೀರು ಬಸಿದುಬಿಡಿ ಅಂದ್ರೆ. ಅವತ್ತು ಪಾತ್ರೆಯಿಂದ ಬಿಸಿನೀರು ಹಾಕಿದ್ರಾಯ್ತು. ಎಲ್ಲರ ಮನೇಲೂ ಹಾಗೇ ಮಾಡೋದು."

"ಎಲ್ಲರ ಮನೇಲೂ ಇಸಾಬುರೋ ಇಲ್ವಲ್ಲ!"

"ಅದಕ್ಕೇ ಅವರೆಲ್ಲ ನೆಮ್ಮದಿಯಾಗಿದಾರೆ. ರೀ, ಒಳಗೆ ನೀರು ಹೆಪ್ಪುಗಟ್ಟಿದ್ರೆ ಕಲ್ಲು ಸೀಳತ್ತೆ. ಅಪ್ಪನ ಬಾನಿ ಅದು."

"ಗೊತ್ತು ಕಣೇ! ಸೀಳೋ ವಿಷಯ ಊರಿಗೆ ಹೇಳಿಕೊಟ್ಟೋನೇ ನಾನು!"

ಮರುದಿನವೇ ಕಾರ್ಯಾರಂಭವಾಯಿತು. ಮೊದಲು ಬಾನಿಗೆ ಹುಲ್ಲುಚಾಪೆಯ ಅಂಗಿ ತೊಡಿಸಿ ಹಗ್ಗದ ನಡುಕಟ್ಟು ಬಿಗಿದನು. ಮೇಲೊಂದು ಹುಲ್ಲಿನ ಟೋಪಿ. ಕುಕ್ಕರುಗಾಲಿನಲ್ಲಿ ಕುಳಿತ ವೃದ್ಧನೆಂದು ಬಗೆದ ಅಂಚೆಯವನು ಮೂರು ದಿನ ಅದಕ್ಕೆ ವಿನಯದಿಂದ ಬಾಗಿ ನಮಿಸಿ ಹೋದನು. ನಾಲ್ಕನೆಯ ದಿನ ಅದು ಉತ್ತರಿಸದುದಕ್ಕೆ ನೊಂದುಕೊಂಡನು.

ಆದರೆ ಡಿಸೆಂಬರಿನ ಚಳಿಗೆ ಹುಲ್ಲು ಯಾವ ಲೆಕ್ಕ! ಬೆಳಗಾದರೆ ನೀರಿನ ಮೇಲೆ ಕೆನೆಯಂತೆ ಮಂಜುಗಡ್ಡೆ. ಇಸಾಬುರೋ ಪೇಟೆಗೆ ಹೋಗಿ ಕೊಳಾಯಿಗೆ ಸುತ್ತುವ ವಿದ್ಯುತ್ ಕಾವಿನ ಪಟ್ಟಿಗಳನ್ನು ತಂದನು. ಬುದ್ಧಿವಂತನಾದವನಿಗೆ ಒಂದು ಸಾಕಿತ್ತು. ಇವನು ಬಾನಿಗೆ ಒಂಬತ್ತು ಸುತ್ತಿದನು! ಬಾನಿಯ ನೀರು ಉಗುರುಬೆಚ್ಚಗಾಗಿ ಹಬೆಯಾಡತೊಡಗಿತು. ಅವನು ಗೆಲುವಿನ ನಗೆ ನಕ್ಕು ಒಳಗೆ ಬಂದು ಕೊತಾತ್ಸುವಿನ ಗುಂಡಿಯೊತ್ತಿದನು. ಅಡಿಯಲ್ಲಿ ಕಾವು, ಮೇಲೆ ಹಚ್ಚಡವಿರುವ ಆ ಮೇಜಿನ ಕೆಳಗೆ ಕಾಲು ಚಾಚುವುದೇ ಆ ಸೀಮೆಯ ಚಳಿಗಾಲದ ಪರಮಸುಖ. ಗುಂಡಿಯೊತ್ತಿದ್ದೇ ತಡ, ಅಡುಗೆಮನೆಯಲ್ಲಿ ಅನ್ನ ಬೇಯಿಸುವ ವಿದ್ಯುತ್ ಪಾತ್ರೆ, ಜಗಲಿಯಲ್ಲಿ ದೀಪ, ಎಲ್ಲವೂ ಒಟ್ಟಿಗೆ ಆರಿದವು!

"ಮೇನ್ ಸ್ವಿಚ್ ಬಿತ್ತು!" ಎಂದು ಕತ್ತಲಲ್ಲಿ ಫುಸಾಯೆಯ ದನಿ ಕೇಳಿಸಿತು. "ಈಗ ಹೇಳಿ. ಕೊತಾತ್ಸುನೋ, ಬಾನೀನೋ?"

ಪ್ರತಿಜ್ಞೆ ಪ್ರತಿಜ್ಞೆಯೇ. ಅಂದಿನಿಂದ ಇಪ್ಪತ್ತು ದಿನ ಆ ದಂಪತಿಗಳು ಮನೆಯೊಳಗೆ ಓವರ್‌ಕೋಟು ತೊಟ್ಟು, ಕೈಗವಸಿನಲ್ಲಿ ಊಟದ ಕಡ್ಡಿ ಹಿಡಿದು ಉಂಡರು. ಕಲ್ಲುಬಾನಿ ಮಾತ್ರ ಅಂಗಳದಲ್ಲಿ ಸುಖವಾಗಿ ಬೆಚ್ಚಗಿತ್ತು.

"ಮುಂದಿನ ಜನ್ಮ ಅಂತಿದ್ರೆ ನಿಮ್ಮ ಮನೆ ಬಾನಿಯಾಗಿ ಹುಟ್ತೀನಿ," ಎಂದಳು ಫುಸಾಯೆ, ಹಲ್ಲು ಕಟಕಟಿಸುತ್ತ.

ಕೂಟದ ದಿನ ಬಂದಿತು. ಹಿಮ ಬಿದ್ದು ನಿಂತಿತ್ತು. ಫುಸಾಯೆಗೆ ಚಹಾ ಕಲಿಸಿದ ಎಂಬತ್ತರ ಮೊಮೊಸೆ ಅಮ್ಮನವರು ಬೂದುಬಣ್ಣದ ರೇಷ್ಮೆಯ ಕಿಮೋನೋದಲ್ಲಿ ಮುಂದೆ, ಇನ್ನು ನಾಲ್ವರು ಹೆಂಗಸರು ಹಿಂದೆ. ಇಸಾಬುರೋ ದಿಗ್ವಿಜಯ ಮುಗಿಸಿ ಬಂದ ಸಾಮ್ರಾಟನಂತೆ ಮುನ್ನಡೆದನು.

"ಅಮ್ಮನವರೇ, ಇಡೀ ಊರಲ್ಲಿ ಇವತ್ತು ಹರಿಯೋ ನೀರಲ್ಲಿ ಕೈತೊಳೆಯೋರು ನೀವೇ. ದಯಮಾಡಿಸಿ!"

ಅಮ್ಮನವರು ದಯಮಾಡಿಸಿದರು, ದಯಮಾಡಿಸಿದವರು ಹಾಗೇ ನಿಂತರು. ಬಾನಿಯೊಳಗೆ ಕುತ್ತಿಗೆಮಟ್ಟ ಮುಳುಗಿ, ಹುಲ್ಲಿನ ಟೋಪಿಯನ್ನು ತಲೆಗಿಟ್ಟು, ಕೆಂಪು ಮೋರೆಯ ಕೋತಿಯೊಂದು ಅರೆಗಣ್ಣು ಮುಚ್ಚಿ ಕುಳಿತಿತ್ತು! ಬೆಟ್ಟದ ಬಿಸಿನೀರಿನ ಊಟೆಗಳಲ್ಲಿ ಮೀಯುವ ಆ ಕುಲಕ್ಕೆ ಇಸಾಬುರೋನ ಅಂಗಳದ ಹಬೆ ಹೇಗೋ ತಿಳಿದುಹೋಗಿತ್ತು. ಬಾನಿಯ ಅಂಚಿನಲ್ಲಿ ಮತ್ತೊಂದು ಕೋತಿ ತನ್ನ ಸರದಿಗಾಗಿ ಕಾದಿತ್ತು.

ಮೊಮೊಸೆ ಅಮ್ಮನವರು ಕೋತಿಗೆ ತಲೆಬಾಗಿ ಗಂಭೀರವಾಗಿ ನುಡಿದರು: "ಮುಖ್ಯ ಅತಿಥಿಗಳು ನಮಗಿಂತ ಮೊದಲೇ ಬಂದಿದಾರೆ. ಅವರ ಸ್ನಾನ ಮುಗೀಲಿ, ನಾವು ಕಾಯ್ತೀವಿ."

ನಾಲ್ವರೂ ತೋಳಿನಿಂದ ಬಾಯಿ ಮುಚ್ಚಿಕೊಂಡರು. ಇಸಾಬುರೋ ಪೊರಕೆ ಹಿಡಿದು ನುಗ್ಗಿದನು. ಕೋತಿ ಬೆದರಿ ನೆಗೆಯಿತು. ನೆಗೆಯುವಾಗ ಅದರ ಕಾಲಿಗೆ ಪಟ್ಟಿಗಳು ತೊಡಕಿ, ಹುಲ್ಲಂಗಿ, ಟೋಪಿ, ಪ್ಲಗ್ಗು ಸಮೇತ ಬೇಲಿಯ ಆಚೆ ಮೆರವಣಿಗೆ ಹೊರಟವು. ಕೊನೆಗೆ ಫುಸಾಯೆ ಪಾತ್ರೆಯಲ್ಲಿ ಬಿಸಿನೀರು ತಂದು, ಎಲ್ಲರ ಮನೆಯವರು ಮಾಡುವಂತೆ, ಅತಿಥಿಗಳ ಕೈಗೆ ಎರೆದಳು.

ಬಂದವರು ನಗುತ್ತಲೇ ಹೋದರು. ಸಂಜೆಯಾಗುತ್ತಿತ್ತು.

"ರೀ, ಪಟ್ಟಿ ಹರಿದುಹೋಗಿದೆ. ಬಾನಿ ನೀರು ಈಗ್ಲೇ ಬಸಿದುಬಿಡಿ. ನಾನು ಬಟ್ಟಲು ತೊಳೀತೀನಿ."

"ಹ್ಞೂಂ, ಐದೇ ನಿಮಿಷ."

ಇಪ್ಪತ್ತು ದಿನಗಳ ತರುವಾಯ ಕೊತಾತ್ಸು ಬೆಚ್ಚಗಾಗಿತ್ತು. ಮಾನಭಂಗಗೊಂಡ ವೀರನು ಅದರಡಿಗೆ ಕಾಲು ಚಾಚಿದನು. ಅಷ್ಟರಲ್ಲಿ ಐದು ಗಂಟೆ. "ಊರ ಬಾಂಧವರಲ್ಲಿ ವಿನಂತಿ..." ಇಸಾಬುರೋ ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿದನು. "ನೀರನ್ನು ಬಸಿದುಬಿಡಿ. ಉದಾಸೀನ ಬೇಡ." ಆಹಾ, ಎಂತಹ ಕಂಠ! ಎಂತಹ ಉಚ್ಚಾರಣೆ! ನೊಂದ ಮನಸ್ಸಿಗೆ ಅದೊಂದೇ ಸಾಂತ್ವನ. ಮುಚ್ಚಿದ ಕಣ್ಣು ಮುಚ್ಚಿದಂತೆಯೇ ಇತ್ತು, ನಿದ್ರೆ ಬಂದುಬಿಟ್ಟಿತು.

ಬೆಳಗಿನ ಸಾರು ಕುದಿಯುವ ಹೊತ್ತಿಗೆ ಅಂಗಳದಲ್ಲಿ ಠಳ್ ಎಂದು ಒಂದೇ ಸದ್ದು.

ಬಾನಿ ಅಂಚಿನಿಂದ ತಳದವರೆಗೆ ಸೀಳಿ ಎರಡಾಗಿ ನಿಂತಿತ್ತು. ನಡುವೆ ಅದರದೇ ಆಕಾರದ ಮಂಜುಗಡ್ಡೆ, ತನ್ನದೇನೂ ತಪ್ಪಿಲ್ಲವೆಂಬಂತೆ ಹೊಳೆಯುತ್ತಿತ್ತು. ಫುಸಾಯೆ ಹಿಮದಲ್ಲಿ ಮಂಡಿಯೂರಿ, ತಂದೆಯ ಉಳಿಯ ಗುರುತುಗಳ ಮೇಲೆ ಬೆರಳಾಡಿಸಿದಳು. ಬೈಯಲಿಲ್ಲ. ಬೈದಿದ್ದರೆ ಇಸಾಬುರೋ ಬದುಕಿಕೊಳ್ಳುತ್ತಿದ್ದನು.

"ಎರಡು ತಿಂಗಳು ಕಡೆದ್ರು," ಎಂದಷ್ಟೇ ನುಡಿದಳು.

ಅಂದು ಇಸಾಬುರೋ ಯಾರೂ ಹೇಳದೆಯೇ ಬಟ್ಟಲು ತೊಳೆದನು, ಹಿಮ ತೋಡಿದನು, ಬಾನಿಯ ಎರಡು ಹೋಳುಗಳನ್ನೂ ಒಣಬಟ್ಟೆಯಿಂದ ಒರೆಸಿ ಜಗಲಿಯ ಮೇಲೆ ತಂದಿಟ್ಟನು. ಅವನ್ನು ಕೂಡಿಸಿ ಹಿಡಿದು ನೋಡಿದನು. ಬಿರುಕು ಕೂದಲೆಳೆಯಷ್ಟೇ ಕಂಡಿತು. ಕೈಬಿಟ್ಟರೆ ಮತ್ತೆ ಎರಡು.

ಐದು ಗಂಟೆಯಾಯಿತು. ಧ್ವನಿವರ್ಧಕವು ಗಂಟಲು ಸರಿಮಾಡಿಕೊಂಡ ಸದ್ದು ಕೇಳುತ್ತಲೇ ಅವನು ಬಾಗಿಲು ಮುಚ್ಚಹೋದನು. ಫುಸಾಯೆ ತಡೆದು, ಬಾಗಿಲನ್ನು ಪೂರ್ತಿ ಸರಿಸಿದಳು.

"ಇರಲಿ ಬಿಡಿ, ಕೇಳಿ. ಇವರ ಮಾತು ಇಡೀ ಊರೇ ಕೇಳತ್ತೆ. ನಮ್ಮನೇಲಿ ಒಬ್ಬರು ಬಿಟ್ಟು."

"ನೀರನ್ನು ಬಸಿದುಬಿಡಿ. ಉದಾಸೀನ ಬೇಡ," ಎಂದಿತು ಧ್ವನಿವರ್ಧಕದ ಕಂಬ. "ಬೇಡ... ಬೇಡ..." ಎಂದಿತು ಬೆಟ್ಟ.

ಇಸಾಬುರೋ ಎದ್ದನು. ಅಡುಗೆಮನೆಯ ಕೊಳಾಯಿ, ಬಚ್ಚಲ ಕೊಳಾಯಿ, ಹಿತ್ತಲ ಕೊಳಾಯಿ, ಎಲ್ಲವನ್ನೂ ಬಸಿದು, ಕೈ ಒರೆಸಿಕೊಳ್ಳುತ್ತ ಬಂದು ತಲೆತಗ್ಗಿಸಿ ನಿಂತನು.

"ಬಸಿದೆ."

"ಯಾರ ಮಾತಿಗೆ? ನನ್ನದಕ್ಕೋ, ಅವರದಕ್ಕೋ?"

"ನಿನ್ನ ಮಾತಿಗೇ," ಎಂದನು ಇಸಾಬುರೋ, ಕಂಬದ ಕಡೆಗೆ ನೋಡಲಾರದೆ. "ಅವನದು ಬರೀ ಬಾಯಿ ಕಣೇ!"