ಕೋವಿಯ ಮೂತಿಗೆ ಏನು ತೊಡಿಸೋಣ?

ನನ್ನ ಮಗಳನ್ನು ಸೊಸೆಯಾಗಿ ಒಪ್ಪಿಕೊಳ್ಳಲು ನಮ್ಮ ಬೀಗರಿಗೆ ಹಿಡಿದದ್ದು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು. ಅದೇ ಮನುಷ್ಯ ತಮ್ಮ ಕೋವಿಯ ಮೂತಿಗೆ ಹಾಕುವ ಹೆಬ್ಬೆರಳುದ್ದದ ಉಕ್ಕಿನ ತುಂಡೊಂದನ್ನು ಆರಿಸಲು ಇಡೀ ಬೇಸಿಗೆ ತೆಗೆದುಕೊಂಡರು! ಇದಕ್ಕೆ ಹೆಣ್ಣಿನ ತಾಯಿಯಾದ ನಾನು ಹಿಗ್ಗಬೇಕೋ ಕುಗ್ಗಬೇಕೋ, ನೀವೇ ಹೇಳಿ.

ನಾನು ಮೈಸೂರಿನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಎನ್‌ಸಿಸಿ ಅಧಿಕಾರಿಯಾಗಿದ್ದವಳು. ಐದಕ್ಕೆ ಏಳಬೇಕು, ಹೊದಿಕೆಯನ್ನು ಮೂಲೆಗೆ ಮೂಲೆ ಕೂಡಿಸಿ ಮಡಿಸಬೇಕು, ಆ ದಿನದ ತೀರ್ಮಾನಗಳೆಲ್ಲ ತಿಂಡಿಗೆ ಮೊದಲೇ ಮುಗಿದಿರಬೇಕು. ಅಮೆರಿಕದ ಜರ್ಮನ್‌ಟೌನ್‌ನಲ್ಲಿರುವ ಮಗನ ಮನೆಯಲ್ಲಿ ಇದೆಲ್ಲ ಸಲೀಸು. ಡುಲುತ್‌ನಲ್ಲಿರುವ ಮಗಳ ಮನೆಗೆ ಬಂದೊಡನೆ ಗಂಡಾಂತರ. ಏಕೆಂದರೆ ಅಲ್ಲಿ ಬೀಗರಿದ್ದಾರೆ!

ಬೀಗರು ಕೊಡಗಿನವರು. ಕೈಲ್ ಮುಹೂರ್ತದ ದಿನ ಕೋವಿಗೆ ಹೂವಿಟ್ಟು ಪೂಜಿಸಿ, ಆಮೇಲೆ ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವುದು ಅವರ ಕಡೆಯ ಪದ್ಧತಿ. ಮಗನೊಂದಿಗೆ ಇಲ್ಲಿ ನೆಲೆಸಿದ ಮೇಲೂ ಅದನ್ನು ಬಿಟ್ಟಿಲ್ಲ. ಊರಾಚೆ ಸ್ನೇಹಿತರೊಬ್ಬರ ಜಮೀನಿನಲ್ಲಿ ಪ್ರತಿ ಸೆಪ್ಟೆಂಬರಿಗೆ ಇಲ್ಲಿನ ಕೊಡಗಿನವರೆಲ್ಲ ಸೇರುತ್ತಾರೆ. ಇವರ ಗುಂಡು ಒಮ್ಮೆಯೂ ಕಾಯಿ ತಪ್ಪಿದ್ದಿಲ್ಲವಂತೆ. ಕೊರೊನಾ ಬಂದು ಹಬ್ಬ ನಿಂತಿತು. ಮತ್ತೆ ಶುರುವಾಗುವ ಹೊತ್ತಿಗೆ ಬೀಗರ ಬಲಭುಜಕ್ಕೆ ಆಪರೇಷನ್ ಆಗಿತ್ತು. ಗುಂಡು ಹಾರಿದಾಗ ಕೋವಿ ಭುಜಕ್ಕೆ ಒದೆಯುತ್ತದಲ್ಲ, ಆ ಒದೆತವನ್ನು ಈ ಭುಜ ತಾಳೀತೇ? ತಾಳದಿದ್ದರೆ ಗುರಿ ತಪ್ಪುತ್ತದೆ. ಗುರಿ ತಪ್ಪಿದರೆ ಇಷ್ಟು ವರ್ಷದ ಮಾನ ಒಂದು ತೆಂಗಿನಕಾಯಿಯ ಪಾಲು!

ಅದಕ್ಕೇ ಮೂತಿಗೆ ತಿರುಗಿಸಿ ಹಾಕುವ ಆ ತುಂಡಿನ ಹುಡುಕಾಟ. ಅದರಲ್ಲೂ ಜಾತಿಗಳುಂಟು. ಒಂದು, ಗುಂಡು ಹಾರುವಾಗ ಹೊಮ್ಮುವ ಬೆಂಕಿಯ ಮಿಂಚನ್ನು ಅಡಗಿಸುವಂಥದು. ಬೀಗರು ಅದಕ್ಕೇ ಒಂದು ತಿಂಗಳು ತಲೆ ಕೆಡಿಸಿಕೊಂಡರು.

"ಮಟಮಟ ಮಧ್ಯಾಹ್ನ ತೆಂಗಿನಕಾಯಿಗೆ ಮಿಂಚು ಕಾಣಿಸದ ಹಾಗೆ ಮಾಡಿ ಏನಾಗ್ಬೇಕು ಬೀಗರೇ? ಅದೇನು ತಿರುಗಿ ಹೊಡೆಯುತ್ತಾ?" ಎಂದೆ.

ಉಳಿದವು ಎರಡು. ಅವುಗಳ ವ್ಯತ್ಯಾಸ ತಿಳಿಸಲು ನನ್ನನ್ನು ಹಿತ್ತಲಿಗೆ ಕರೆದರು. ಗಿಡಕ್ಕೆ ನೀರು ಹಾಕುವ ಪೈಪಿನ ತುದಿಗೆ, ಅಕ್ಕಪಕ್ಕ ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಬಿಗಿದಿದ್ದರು.

"ಇದು ಮಝಲ್ ಬ್ರೇಕ್ ಅಂದ್ಕೊಳ್ಳಿ. ಸ್ವಲ್ಪ ನನ್ನ ಬಲಕ್ಕೆ ನಿಂತ್ಕೊಳ್ಳಿ ಮೇಡಂ."

ನಿಂತೆ. ನಲ್ಲಿ ತಿರುಗಿಸಿದರು. ಗರಿಗರಿ ಇಸ್ತ್ರಿ ಮಾಡಿದ ನನ್ನ ಕಾಟನ್ ಸೀರೆ ಕ್ಷಣದಲ್ಲಿ ತೊಯ್ದು ತೊಪ್ಪೆ!

"ನೋಡಿದ್ರಾ? ಹೊಡೆಯೋನಿಗೆ ಏನೂ ಆಗಲ್ಲ!"

"ಪಕ್ಕದಲ್ಲಿ ನಿಂತೋರ ಗತಿ?"

"ಅದೇ ಅದರ ದೋಷ. ಒದೆತ ಕಮ್ಮಿ ಆಗುತ್ತೆ, ಆದ್ರೆ ಸದ್ದೆಲ್ಲ ಪಕ್ಕದೋರ ಕಿವಿಗೆ ಬಡಿಯುತ್ತೆ."

ಎರಡನೆಯದು ತಳ ತೆಗೆದ ಡಬ್ಬಿ. ನೀರೆಲ್ಲ ನೆಟ್ಟಗೆ ಮುಂದಕ್ಕೆ ಹೋಯಿತು. ಆ ಬಗೆಯ ಕೊಳವೆ ಸದ್ದನ್ನು ಮುಂದಕ್ಕೆ ತಳ್ಳುತ್ತದಂತೆ, ಒದೆತ ಮಾತ್ರ ಅಷ್ಟಾಗಿ ತಗ್ಗುವುದಿಲ್ಲವಂತೆ. ಇದನ್ನು ಬಾಯಲ್ಲೇ ಹೇಳಿದ್ದರೆ ನನ್ನ ಸೀರೆಯಾದರೂ ಉಳಿಯುತ್ತಿತ್ತು!

ಇನ್ನು ಕೋವಿ ಅಂಗಡಿಯ ಕಥೆ. ಬೀಗರು ಒಂದೊಂದೇ ತುಂಡನ್ನು ಕಿವಿಯ ಹತ್ತಿರ ಹಿಡಿದು, ಬೆರಳ ಗೆಣ್ಣಿನಿಂದ ಕುಟ್ಟಿ ಆಲಿಸತೊಡಗಿದರು. ಎದೆಯವರೆಗೆ ಗಡ್ಡ ಬಿಟ್ಟಿದ್ದ ಅಂಗಡಿಯವನು ಕಂಗಾಲಾಗಿ ನನ್ನ ಕಡೆ ಬಾಗಿದ: "ಮ್ಯಾಮ್, ಈಸ್ ಹೀ ಓಕೆ?"

"ಹೀ ಥಿಂಕ್ಸ್ ಹೀ ಈಸ್ ಬೈಯಿಂಗ್ ಎ ಕೋಕನಟ್," ಎಂದೆ.

ಕೊನೆಗೆ ನಾನೇ ಆಜ್ಞೆ ಮಾಡಿದೆ. "ಬ್ರೇಕ್ ತಗೊಳ್ಳಿ. ನಿಮ್ಮ ಕೋವಿಯ ತಿರುಪಿಗೆ ಥ್ರೆಡ್ ಹೊಂದುತ್ತೆ, ಭುಜಕ್ಕೂ ಒಳ್ಳೇದು. ಮುಗೀತು!" ಬೀಗರು ಕವಾಯಿತಿನ ಹುಡುಗಿಯಂತೆ ತಲೆಯಾಡಿಸಿ ಕೊಂಡರು.

ಶೂಟಿಂಗ್ ರೇಂಜಿನಲ್ಲಿ ಪರೀಕ್ಷೆ ನಡೆಯಿತು. ಬೀಗಿತ್ತಿಯೂ ಬಂದಿದ್ದರು. ಮದುವೆಯಾದಂದಿನಿಂದ ಗಂಡ ಕೋವಿ ಎತ್ತಿದಾಗಲೆಲ್ಲ ಅವರ ಕನ್ನಡಕದ ಡಬ್ಬಿ ಹಿಡಿದು ಬಲಗಡೆ ನಿಲ್ಲುವುದು ಆಕೆಯ ರೂಢಿ. ಈಗ ಕಿವಿ ಮಂದವಾಗಿದೆ, ಮನೆಯಲ್ಲಿ ಕಿವಿಗೆ ಯಂತ್ರ ಹಾಕಿಕೊಳ್ಳುತ್ತಾರೆ. ಅಂದು ಅದನ್ನು ತೆಗೆದು, ದಪ್ಪನೆಯ ಕಿವಿಮುಚ್ಚಳ ಹಾಕಿಕೊಂಡು ನಿಂತರು. ಬೀಗರ ಗುಂಡುಗಳೆಲ್ಲ ಗುರಿಯ ನಡುವಿಗೇ ಬಿದ್ದವು. ನಾನು ಗೆದ್ದೆ! ಆದರೆ ಒಂದೊಂದು ಗುಂಡಿಗೂ ಬೀಗಿತ್ತಿ ಬೆಚ್ಚಿ ಎದೆ ಹಿಡಿದುಕೊಳ್ಳುತ್ತಿದ್ದರು.

"ಹಬ್ಬದ ದಿನ ನಾನು ಕಾರಲ್ಲೇ ಕೂತಿರ್ತೀನಿ ರೀ. ಅಲ್ಲಿಂದಾನೂ ಕಾಣ್ಸುತ್ತೆ," ಎಂದರು ನಗುತ್ತಾ.

ಮರುದಿನ ತಿಂಡಿಗೆ ಕೂತಾಗ ಬೀಗರ ಘೋಷಣೆ: "ಬ್ರೇಕ್ ಹೊಂದ್ತಾ ಇಲ್ಲ ಮೇಡಂ."

"ಥ್ರೆಡ್ ಸರಿಯಾಗಿ ಕೂತಿದೆಯಲ್ಲ!"

"ಥ್ರೆಡ್ ಕೂತಿದೆ."

"ಭುಜಕ್ಕೆ ನೋವಾಯ್ತಾ?"

"ಇಲ್ಲ."

"ಮತ್ತೇನು ಹೊಂದ್ತಾ ಇಲ್ಲ?"

ಅವರು ದೋಸೆಗೆ ಚಟ್ನಿ ಹಚ್ಚುವುದರಲ್ಲಿ ಮಗ್ನರಾದರು. ಇಂಥವರನ್ನು ನಾನು ಕಾಲೇಜಿನಲ್ಲಾಗಿದ್ದರೆ ಮೈದಾನಕ್ಕೆ ಮೂರು ಸುತ್ತು ಓಡಿಸುತ್ತಿದ್ದೆ!

ಹಬ್ಬದ ದಿನ ಪೂಜೆಯಾಯಿತು. ಊಟಕ್ಕೆ ಮೊದಲು ಬೀಗರ ಸರದಿ ಬಂತು. ಕೋವಿಯ ಮೂತಿಯಲ್ಲಿ ಬ್ರೇಕ್ ಇರಲಿಲ್ಲ. ಸದ್ದನ್ನು ಮುಂದಕ್ಕೆ ತಳ್ಳುವ ಆ ಕೊಳವೆಯಿತ್ತು! ನನಗೆ ಮೈ ಉರಿಯಿತು. ಭುಜದ ಗತಿಯೇನು ಎಂದು ಗದರಿಸಲು ಎರಡು ಹೆಜ್ಜೆ ಮುಂದಿಟ್ಟವಳು ಅಲ್ಲೇ ನಿಂತೆ. ಕಾರಿನಲ್ಲಿ ಯಾರೂ ಇರಲಿಲ್ಲ. ಬೀಗರ ಬಲಗಡೆ, ಕಿವಿಮುಚ್ಚಳ ಹಾಕಿಕೊಂಡು, ಕನ್ನಡಕದ ಡಬ್ಬಿ ಹಿಡಿದು ಬೀಗಿತ್ತಿ ನಿಂತಿದ್ದರು.

ಗುಂಡು ಹಾರಿತು. ಕೋವಿ ಒದ್ದ ರಭಸಕ್ಕೆ ಬೀಗರು ಮುಖ ಕಿವುಚಿದರು. ಬೀಗಿತ್ತಿ ಮಾತ್ರ ಬೆಚ್ಚಲಿಲ್ಲ. ಕಾಯಿ ಕಟ್ಟಿದಲ್ಲೇ ಇತ್ತು, ಒಂದು ನಾರೂ ಅಲುಗದೆ.

ಬೀಗರು ಕಾಯಿಯ ಕಡೆ ನೋಡಲೇ ಇಲ್ಲ. ಕೋವಿಯನ್ನು ಕೆಳಗಿಟ್ಟು, ಹೆಂಡತಿಯ ಒಂದು ಕಿವಿಯ ಮುಚ್ಚಳ ಸರಿಸಿ, ಆಕೆಗೆ ಕೇಳುವಷ್ಟು ಜೋರಾಗಿ ಕೇಳಿದರು: "ಕಿವಿಗೆ ನೋವಾಯ್ತಾ?"

"ಇಲ್ಲಾ ರೀ." ಬೀಗಿತ್ತಿ ಡಬ್ಬಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅವರ ಬಲಭುಜವನ್ನು ಮೆಲ್ಲಗೆ ನೀವತೊಡಗಿದರು. "ಒಂದು ಕಾಯಿ ತಾನೆ? ಬನ್ನಿ, ಮನೇಲಿ ನಾನು ಕತ್ತೀಲಿ ಒಡೀತೀನಿ."