ಹೊಗೆಯಿಲ್ಲದ ಕಾರ್ಖಾನೆಯ ಊಟ

ಕುರಿಯ ತೊಡೆಗೆ ಉಪ್ಪು ತಿಕ್ಕುತ್ತಿದ್ದ ಗ್ಲೆನಿಸ್ ಅರ್ಧಕ್ಕೇ ಕೈ ನಿಲ್ಲಿಸಿ, ಒಲೆಯ ಪಕ್ಕದ ಗೋಣಿಚೀಲದೊಳಗೆ ಬಗ್ಗಿ ನೋಡಿದಳು. ಕಂದು ಕಲ್ಲಿದ್ದಲನ್ನು ಒತ್ತಿ ಮಾಡಿದ ಬಿಲ್ಲೆಗಳು ಒಂಬತ್ತೇ ಉಳಿದಿದ್ದವು. ಮೋರ್ವೆಲ್‌ನಲ್ಲಿ ಅವನ್ನು ಮಾಡುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿ ಎಷ್ಟೋ ವರ್ಷವಾಗಿತ್ತು. ಐದನ್ನು ಒಲೆಗೆ ಹಾಕಿದಳು. ಮಿಕ್ಕ ನಾಲ್ಕನ್ನು, ಮಕ್ಕಳಿಗೆ ಹೊದಿಸುವಂತೆ, ಚೀಲದ ಬಾಯಿ ಮಡಿಸಿ ಮುಚ್ಚಿಟ್ಟಳು.

ಇವತ್ತಿನ ಊಟ ಸಾಮಾನ್ಯದ್ದಲ್ಲ. ಕಲ್ಲಿದ್ದಲಿನಿಂದ ಹೈಡ್ರೋಜನ್ ತೆಗೆದು ಹಡಗಿನಲ್ಲಿ ಜಪಾನಿಗೆ ಕಳಿಸುವ ಹೊಸ ಕಾರ್ಖಾನೆಗೆ ಕೋಬೆಯಿಂದ ಮೂವರು ಅತಿಥಿಗಳು ಬಂದಿದ್ದರು. ಊಟ ಅವರಿಗೆ ಹಿಡಿಸಿದರೆ ಕಾರ್ಖಾನೆಯ ಕ್ಯಾಂಟೀನು ಇನ್ನು ಮೂರು ವರ್ಷ ಗ್ಲೆನಿಸ್‌ಳದು. ಹಿಡಿಸದಿದ್ದರೆ ಟ್ರಾರಾಲ್ಗನ್‌ನಿಂದ ಡಬ್ಬಿ ಊಟದ ವ್ಯಾನು ಬರುತ್ತದೆ, ಗ್ಲೆನಿಸ್ ಮನೆಗೆ ಹೋಗುತ್ತಾಳೆ. ಕಾರ್ಖಾನೆಯ ಬೇಲಿಯೊಳಗೆ ಬೆಂಕಿಕಡ್ಡಿ ಗೀರುವಂತಿರಲಿಲ್ಲ. ಹಾಗಾಗಿ ಅಡಿಗೆಯೆಲ್ಲ ಮನೆಯಲ್ಲೇ, ಅಮ್ಮ ಬಿಟ್ಟುಹೋದ ಈ ಕಬ್ಬಿಣದ ಒಲೆಯ ಮೇಲೆ.

"ಶುರುವಾಯ್ತಾ ನಿನ್ನ ಹೊಗೆ?" ಹಿತ್ತಲ ಬೇಲಿಯಾಚೆಯಿಂದ ಪಕ್ಕದ ಮನೆಯ ವರ್ನಾ ಕೂಗಿದಳು. ಬಿಲ್ಲೆ ಸುಡುವುದನ್ನು ನಿಲ್ಲಿಸಿ ಎಂದು ಪುರಸಭೆಗೆ ಎರಡು ಸಲ ಅರ್ಜಿ ಬರೆದವಳು ಅವಳು. "ನನ್ ಥರ ಕರೆಂಟಿಂದು ತಗೋ ಅಂತ ಎಷ್ಟ್ ಸಲ ಹೇಳಿದೀನಿ? ಒಣಗಾಕಿದ ಬಟ್ಟೆಯೆಲ್ಲಾ ನಿನ್ನ ಅಡಿಗೆ ವಾಸನೆ ಕಣೇ!"

"ಇವತ್ತೊಂದಿನ ಸುಮ್ನಿರು ಮಾರಾಯ್ತಿ. ನಾನು ಕ್ಯಾಂಟೀನಲ್ಲಿ ಟೇಬಲ್ ಹಾಕೋಕೆ ಹೋಗ್ಬೇಕು. ಹತ್ತೂವರೆಗೆ ಒಳಗೋಗಿ ಮಾಂಸ ಮಗುಚಿ ಹಾಕ್ತೀಯಾ?"

ಬೈಯುತ್ತಲೇ ವರ್ನಾ ಕೀಲಿಗೆ ಕೈ ಚಾಚಿದಳು.

ಹನ್ನೊಂದಕ್ಕೆ ಕಾರ್ಖಾನೆಯ ಅಟ್ಟಣೆಯ ಮೇಲೆ ಮ್ಯಾನೇಜರ್ ಕ್ಯಾಲಮ್ ಭಾಷಣ ಮಾಡುತ್ತಿದ್ದ. ಗ್ಲೆನಿಸ್ ಟೀ ತಟ್ಟೆ ಹಿಡಿದು ಹಿಂದೆ ನಿಂತಿದ್ದಳು.

"ಕಣಿವೆ ಉದ್ದಕ್ಕೂ ನೋಡಿ. ಒಂದೆಳೆ ಹೊಗೆ ಇದ್ಯಾ?"

ಅತಿಥಿಗಳು ನೋಡಿದರು. ಮೂವರಲ್ಲಿ ಹಿರಿಯರಾದ ನಿಶಿವಾಕಿ ವಿನಯದಿಂದ ಬೆರಳು ತೋರಿಸಿದರು. ಊರಿನ ನಡುವಿನಿಂದ ಹೊಗೆಯೊಂದು, ತಿಂಡಿಪೋತ ಮಾವ ಊಟ ಮುಗಿಸಿ ಎದ್ದ ಹಾಗೆ, ನಿಧಾನವಾಗಿ ಮೈಮುರಿಯುತ್ತ ಏಳುತ್ತಿತ್ತು.

ಅದು ತನ್ನ ಮನೆಯ ಹೊಗೆಯೆಂದು ಗ್ಲೆನಿಸ್‌ಗೆ ಒಂದೇ ನೋಟಕ್ಕೆ ಗೊತ್ತಾಯಿತು. ಆದರೆ ಐದು ಬಿಲ್ಲೆಗೆ ಇಷ್ಟು ಹೊಗೆಯೇ?

"ಯಾರೋ ಕಸ ಸುಡ್ತಿರ್ಬೇಕು," ಎಂದವಳೇ ಕೆಳಗಿಳಿದು, ಟೀ ಹಂಡೆಯ ಮರೆಯಲ್ಲಿ ನಿಂತು ಫೋನ್ ಮಾಡಿದಳು.

"ವರ್ನಾ, ಏನ್ ಮಾಡ್ದೆ?"

"ಉಪಕಾರ ಮಾಡ್ದೆ! ನಿನ್ನ ಬೆಂಕಿ ಸಾಯ್ತಾ ಇತ್ತು. ಆರು ಬಿಲ್ಲೆ ಹಾಕ್ದೆ."

"ಆರಾ! ನೀರು ಹಾಕಿ ಆರಿಸೇ ತಾಯೀ!"

"ಮಾಂಸ ಅರ್ಧ ಬೆಂದಿರೋವಾಗ್ಲಾ? ನಾನೇನ್ ರಾಕ್ಷಸಿನಾ?" ವರ್ನಾ ಫೋನಿಟ್ಟಳು.

ಅಷ್ಟರಲ್ಲಿ ಕ್ಯಾಲಮ್ ಜೀಪಿನ ಬಾಗಿಲು ತೆಗೆದು ನಿಂತಿದ್ದ. "ಗ್ಲೆನಿಸ್, ಬೀದಿಗಳೆಲ್ಲ ನಿಮಗೇ ಗೊತ್ತು, ಮುಂದೆ ಕೂತ್ಕೊಳ್ಳಿ. ಅದ್ಯಾರು ಅಂತ ನೋಡೇಬಿಡೋಣ." ತಾವೂ ಬರುತ್ತೇವೆಂದು ಅತಿಥಿಗಳು ಹಿಂದಿನ ಸೀಟಿನಲ್ಲಿ ಆಗಲೇ ಕೂತಿದ್ದರು.

ಗ್ಲೆನಿಸ್ ಎಡಕ್ಕೆಂದಳು, ಟೈರ್ ಅಂಗಡಿ ಬಂತು. ಬಲಕ್ಕೆಂದಳು; ಸ್ಮಶಾನ ಬಂತು. ಮತ್ತೆ ಎಡಕ್ಕೆಂದಾಗ ಹುಲ್ಲಿನ ಮೇಲೆ ಚೆಂಡುರುಳಿಸಿ ಬೌಲ್ಸ್ ಆಡುತ್ತಿದ್ದ ಮುದುಕರು ಜೀಪಿಗೆ ಎರಡನೇ ಸಲ ಕೈಬೀಸಿದರು.

"ಹೊಗೆ ಆ ಕಡೆ ಇದೆಯಲ್ಲಾ?" ನಿಶಿವಾಕಿ ಮೆಲ್ಲಗೆ ಕೇಳಿದರು.

ಕೊನೆಗೆ ಹೊಗೆಯೇ ದಾರಿ ತೋರಿಸಿತು. ಗೇಟಿನಲ್ಲಿ ವರ್ನಾ ಕೈವಸ್ತ್ರ ಬೀಸುತ್ತ ನಿಂತಿದ್ದಳು. "ಗ್ಲೆನಿಸ್! ನಿನ್ನೊಲೆ ಈಗ ರೈಲಿಂಜಿನ್ ಥರ ಉರೀತಿದೆ ನೋಡ್ ಬಾ!"

ಕ್ಯಾಲಮ್ ತಿರುಗಿ ನೋಡಿದ. ಗ್ಲೆನಿಸ್ ತನ್ನ ಚಪ್ಪಲಿ ನೋಡಿಕೊಂಡಳು. ಮೂರು ವರ್ಷದ ಕ್ಯಾಂಟೀನು ಆ ಚಿಮಣಿಯಿಂದಲೇ ಹಾರಿಹೋಗುತ್ತಿರುವಂತೆ ಅನಿಸಿತು.

ಆದರೆ ನಿಶಿವಾಕಿ ಆಗಲೇ ಒಳಗೆ ಹೋಗಿದ್ದರು. ಒಲೆಯ ಮುಂದೆ ಮಂಡಿಯೂರಿ ಕೂತು ಕಣ್ಣು ಮುಚ್ಚಿದರು. "ನಮ್ಮಮ್ಮನೂ ಇದ್ದಲ ಬಿಲ್ಲೆ ಮೇಲೇ ಮೀನು ಸುಡ್ತಿದ್ರು," ಎಂದರು. "ಅರುವತ್ತು ವರ್ಷ ಆಯ್ತು, ಈ ವಾಸನೆ ಮೂಗಿಗೆ ಬಡಿದು."

ಅಲ್ಲೇ ಅಡಿಗೆಮನೆಯ ಮೇಜಿನ ಮೇಲೆ ಊಟವಾಯಿತು. ಎಲುಬು ಮಾತ್ರ ಉಳಿಯಿತು. "ಪ್ರತಿ ಸಲ ಬಂದಾಗಲೂ ಇದೇ ಊಟ, ಇದೇ ರುಚಿ," ಎಂದರು ನಿಶಿವಾಕಿ. ಕ್ಯಾಲಮ್ ಅಲ್ಲೇ, ಸಾರಿನ ಬಟ್ಟಲು ಸರಿಸಿ, ಮೂರು ವರ್ಷದ ಕಾಗದಕ್ಕೆ ಸಹಿ ಹಾಕಿದ. ಸಂತೋಷ ತಡೆಯಲಾರದೆ ಗೋಣಿಚೀಲಕ್ಕೂ ಕೈ ಹಾಕಿದ. "ತಗೊಳ್ಳಿ ಸಾರ್, ನೆನಪಿಗೆ!" ನಾಲ್ಕೂ ಬಿಲ್ಲೆಗಳು ಅತಿಥಿಯ ಚೀಲ ಸೇರಿದವು. ಬೇಡವೆನ್ನಲು ಗ್ಲೆನಿಸ್ ಬಾಯಿ ತೆರೆದಳು. ನಿಶಿವಾಕಿಯವರ ಮುಖ ನೋಡಿ ಮುಚ್ಚಿದಳು.

ಪಡೆದುಕೊಂಡ ಮೇಲೆ ಕೊಡದೆ ಹೋಗುವ ಜನ ಅವರಲ್ಲ. ಕಾರ್ಖಾನೆಗೆಂದು ತಂದು, ಇನ್ನೂ ಜೀಪಿನಲ್ಲೇ ಇದ್ದ ದೊಡ್ಡ ಪೆಟ್ಟಿಗೆಯನ್ನು ಇಳಿಸಿ, ಎರಡೂ ಕೈಯಲ್ಲಿ ಹಿಡಿದು, ಗ್ಲೆನಿಸ್‌ಗೆ ತಲೆಬಾಗಿ ಕೊಟ್ಟರು. ಒಳಗೆ ಬೆಳ್ಳಿಯಂತೆ ಮಿನುಗುವ ಹೊಸ ಒಲೆ.

"ಹೈಡ್ರೋಜನ್ ಒಲೆ!" ಕ್ಯಾಲಮ್ ಚಪ್ಪಾಳೆ ತಟ್ಟಿದ. "ಹೊಗೆ ಕಾಟ ಇವತ್ತಿಗೆ ಮುಗೀತು. ಆ ಹಳೇದನ್ನ ಇನ್ನು ಹಚ್ಚಬೇಡಿ."

"ಇದಕ್ಕೆ ಹೈಡ್ರೋಜನ್ ಎಲ್ಲಿಂದ ತರ್ಲಿ?"

"ನಮ್ಮ ಕಾರ್ಖಾನೆ..." ಎಂದವನು ಅಲ್ಲೇ ತಡವರಿಸಿದ. "ಅಲ್ಲ, ಅದು ಪೂರ್ತಿ ಹಡಗಿಗೆ ಹೋಗುತ್ತೆ. ಒಂದು ಗುಟುಕೂ ಇಲ್ಲಿ ಬಿಡೋ ಹಾಗಿಲ್ಲ. ಒಪ್ಪಂದ."

ಸಂಜೆ ಎಲ್ಲರೂ ಹೋದ ಮೇಲೆ ಗ್ಲೆನಿಸ್ ಎರಡು ಒಲೆಗಳ ನಡುವೆ ಕುರ್ಚಿ ಹಾಕಿಕೊಂಡು ಕೂತಳು. ಒಂದರ ಉರುವಲು ಕೋಬೆಗೆ ಹೊರಟಿತ್ತು. ಇನ್ನೊಂದರ ಉರುವಲೂ ಕೋಬೆಗೇ ಹೋಗುತ್ತಿತ್ತು. ಕೊಡಬೇಕಾದದ್ದು ಮಾತ್ರ ಅದೇ ರುಚಿ, ಮೂರು ವರ್ಷ.

ಖಾಲಿ ಚೀಲವನ್ನು ಮಡಿಸುವಾಗ ಅವಳ ಕೈ ನಿಂತಿತು. ಒಂಬತ್ತಿದ್ದವು. ಐದು ಬೆಳಿಗ್ಗೆ ಉರಿದವು. ನಾಲ್ಕನ್ನು ಕ್ಯಾಲಮ್ ಕೊಟ್ಟ. ಹಾಗಾದರೆ ವರ್ನಾ ಹಾಕಿದ ಆರು ಎಲ್ಲಿಂದ ಬಂದವು?

ಕಿಟಕಿಯಾಚೆ ವರ್ನಾಳ ಹಿತ್ತಲಿನ ತಗಡಿನ ಕೊಠಡಿಗೆ ದಪ್ಪ ಬೀಗ ನೇತಾಡುತ್ತಿತ್ತು. ಕರೆಂಟಿನ ಒಲೆಯವಳಿಗೆ ಅಷ್ಟು ದೊಡ್ಡ ಕೊಠಡಿ ಯಾತಕ್ಕೆಂದು ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಈಗಲೂ ಕೇಳುವುದಿಲ್ಲ.

ಅಮ್ಮನ ಒಲೆಯ ಮೇಲೆ ಅಂಗೈ ಹಿಡಿದು ನೋಡಿದಳು. ಆ ಆರು ಬಿಲ್ಲೆಗಳ ಬಿಸಿ ಇನ್ನೂ ಇತ್ತು, ಒಂದು ಕೇಕಿಗೆ ಸಾಕಾಗುವಷ್ಟು. ವರ್ನಾಳಿಗೆ ಯಾವ ಕೇಕು ಇಷ್ಟವೆಂದು ನೆನಪಿಸಿಕೊಳ್ಳುತ್ತ, ಗ್ಲೆನಿಸ್ ಬಟ್ಟಲಿಗೆ ನಾಲ್ಕು ಮೊಟ್ಟೆ ಒಡೆದಳು.